ಕೆಲಸ ನಡೀತಿದೆ ಅಂತ ತೋರಿಸಿ

ಕೇಳುಗರಿಗೆಲ್ಲ ನಮಸ್ಕಾರ. ಈಗ ರೇಡಿಯೋ ಹಾಕ್ಕೊಂಡು ಕೂತಿರೋರಲ್ಲಿ ಬಿಸಿಎ, ಡಿಪ್ಲೊಮಾ ಓದ್ತಾ ಇರೋರು ಇರ್ತೀರ, ಪಕ್ಕದ ಅಂಗಡಿಗೋ ಮಾವನ ಗೊಬ್ಬರದ ಡಿಪೋಗೋ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಬರ್ಕೊಡ್ತಾ ಇರೋರೂ ಇರ್ತೀರ, ನಾನು ನಿಮ್ಮನ್ನೇ ಮನಸ್ಸಲ್ಲಿ ಇಟ್ಕೊಂಡು ಮಾತಾಡ್ತೀನಿ. ಹೇಳೋದು ಒಂದೇ ವಿಷಯ. ನಿಮ್ಮ ಪ್ರೋಗ್ರಾಂ ಒಳಗೆ ಕೆಲಸ ನಡೀತಾ ಇದ್ರೆ, ನಡೀತಾ ಇದೆ ಅಂತ ಮುಂದೆ ಕೂತಿರೋರಿಗೆ ಕಾಣಿಸ್ಬೇಕು.

ರಾತ್ರಿ ಬಸ್ಸಲ್ಲಿ ಊರಿಗೆ ಹೋಗುವಾಗ ಕಿಟಕಿ ಪಕ್ಕ ಕೂತೋರು ಕಿಲೋಮೀಟರ್ ಕಲ್ಲು ನೋಡ್ತಾ ಇರ್ತಾರಲ್ಲ, ಇನ್ನು 60, ಇನ್ನು 45 ಅಂತ. ಆ ಕಲ್ಲಿಂದ ಬಸ್ಸೇನು ಜೋರಾಗಿ ಓಡಲ್ಲ. ಆದ್ರೂ ಕಲ್ಲು ಕಂಡ್ರೆ ಒಂದು ಸಮಾಧಾನ. ಕೆಲಸ ಆದಷ್ಟೂ ಸ್ಕ್ರೀನ್ ಮೇಲೆ ತುಂಬ್ತಾ ಹೋಗೋ ಪಟ್ಟಿ ಇರುತ್ತಲ್ಲ, ಪ್ರೋಗ್ರೆಸ್ ಬಾರ್, ಅದೂ ಅದೇ ಕಲ್ಲು.

1985ರಲ್ಲಿ ಬ್ರಾಡ್ ಮೈಯರ್ಸ್ ಅನ್ನೋರು ಕೆನಡಾದ ಟೊರಾಂಟೊ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಇದರ ಮೇಲೆ ಒಂದು ಪ್ರಬಂಧ ಬರೆದ್ರು. 48 ಜನರನ್ನ ಕೂರಿಸಿ, ಬಾರ್ ಇಟ್ಟು ಒಂದ್ಸಲ, ಇಡದೆ ಒಂದ್ಸಲ, ಡೇಟಾಬೇಸ್‌ನಲ್ಲಿ ಹುಡುಕೋ ಕೆಲಸ ಕೊಟ್ರು. ನೂರಕ್ಕೆ 86 ಜನ ಬಾರ್ ಇದ್ರೇ ಚೆನ್ನ ಅಂದ್ರು. 1985ರ ಮಾತು ಇದು, ಇನ್ನೂ ಇದನ್ನ ಹೇಳ್ಕೊಂಡು ತಿರುಗ್ಬೇಕಲ್ಲ ಅನ್ನೋದೇ ನನಗೆ ಬೇಜಾರು.

ನಾನು ಇದನ್ನ ಓದಿ ಕಲಿತಿದ್ದಲ್ಲ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಹಳ್ಳಿ ಸಹಕಾರ ಸಂಘಕ್ಕೆ ಸಿ ಶಾರ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾಫ್ಟ್‌ವೇರ್ ಬರ್ಕೊಟ್ಟಿದ್ದೆ. ಸುಮಾರು 2,300 ಉಳಿತಾಯ ಖಾತೆ, ಮಾರ್ಚ್ 31ಕ್ಕೆ ಎಲ್ಲದಕ್ಕೂ ಬಡ್ಡಿ ಹಾಕ್ಬೇಕು. 'ಬಡ್ಡಿ ಲೆಕ್ಕ' ಅಂತ ಒಂದು ಬಟನ್ ಇಟ್ಟು, ಬಟನ್ ಒತ್ತಿದ ಕೋಡ್ ಒಳಗೇ ಅಷ್ಟೂ ಲೂಪ್, ಅಂದ್ರೆ ಒಂದಾದ್ಮೇಲೊಂದು ಖಾತೆಗೆ ಅದೇ ಲೆಕ್ಕ ಮಾಡೋ ಸುತ್ತು, ಬರೆದಿದ್ದೆ. ಅವರ ಹಳೇ ಕಂಪ್ಯೂಟರ್‌ನಲ್ಲಿ ಅದಕ್ಕೆ ಹನ್ನೆರಡು ನಿಮಿಷ ಬೇಕಾಗ್ತಿತ್ತು. ಅವತ್ತು ಸಂಜೆ ಅಲ್ಲಿ ಕ್ಲರ್ಕ್ ಆಗಿದ್ದ ಮೇಡಂ, ನಮ್ಮಮ್ಮನ ವಯಸ್ಸಿನೋರು, ಒಬ್ರೇ ಕೂತು ಬಟನ್ ಒತ್ತಿದಾರೆ. ವಿಂಡೋಸ್ ಏನ್ಮಾಡುತ್ತೆ ಅಂದ್ರೆ, ಒಂದು ವಿಂಡೋ ಐದು ಸೆಕೆಂಡ್ ಯಾವುದಕ್ಕೂ ಉತ್ತರ ಕೊಡ್ಲಿಲ್ಲ ಅಂದ್ರೆ ಅದರ ತಲೆಮೇಲೆ 'ನಾಟ್ ರೆಸ್ಪಾಂಡಿಂಗ್' ಅಂತ ಬರೆದುಬಿಡುತ್ತೆ. ಅವರು ಏಳು ನಿಮಿಷ ಕಾದಿದಾರೆ, ಪಾಪ, ಏಳು ನಿಮಿಷ ಅಂದ್ರೆ ಕಡಿಮೆ ಏನಲ್ಲ, ಮೌಸ್ ಅಲ್ಲಾಡಿಸಿದಾರೆ, ಎಂಟರ್ ಒತ್ತಿದಾರೆ, ಕೊನೆಗೆ ಸ್ವಿಚ್ ಆಫ್ ಮಾಡಿ, ಮತ್ತೆ ಆನ್ ಮಾಡಿ, ಬಟನ್ ಇನ್ನೊಂದ್ಸಲ ಒತ್ತಿ, ಇದು ನಡೆದಾಗ ನಡೀಲಿ ಅಂತ ಹಾಗೇ ಬಿಟ್ಟು ಮನೆಗೆ ಹೋಗಿದಾರೆ. ಬೆಳಗ್ಗೆ ಬಂದು ನೋಡಿದ್ರೆ ಲೆಕ್ಕ ಮುಗಿದಿತ್ತು.

ಮುಗಿದಿತ್ತು ನಿಜ, ಆದ್ರೆ ಆಫ್ ಮಾಡೋ ಹೊತ್ತಿಗೆ ಸಾವಿರದ ಮುನ್ನೂರು ಚಿಲ್ಲರೆ ಖಾತೆಗೆ ಬಡ್ಡಿ ಬಿದ್ದಾಗಿತ್ತು, ಎರಡನೇ ಸಲ ಅವಕ್ಕೇ ಮತ್ತೆ ಬಿತ್ತು. ಆದ್ರೆ ಎಲ್ಲಾ ಆಗ್ಬೇಕು, ಇಲ್ಲಾಂದ್ರೆ ಏನೂ ಆಗ್ಬಾರ್ದು ಅನ್ನೋ ಹಾಗೆ ಎಲ್ಲಾನೂ ಒಂದು ಟ್ರಾನ್ಸಾಕ್ಷನ್ ಒಳಗೆ ಇಟ್ಟಿರ್ಲಿಲ್ಲ, ಅದೂ ನನ್ನದೇ ತಪ್ಪು. ಯಾರಿಗೂ ಗೊತ್ತಾಗ್ಲಿಲ್ಲ. ನಾಲ್ಕು ದಿನ ಆದ್ಮೇಲೆ ಒಬ್ಬರು ವಯಸ್ಸಾದ ರೈತರು ಪಾಸ್‌ಬುಕ್ ಹಿಡ್ಕೊಂಡು ಬಂದ್ರು, ಹಿಂದಿನ ಪುಟದಲ್ಲಿ ಪೆನ್ಸಿಲಲ್ಲಿ ತಾವೇ ಲೆಕ್ಕ ಹಾಕಿದ್ರು, "ನಂಗೆ ಬರೋದು ಇಷ್ಟು, ನೀವು ಎರಡರಷ್ಟು ಹಾಕಿದೀರಿ, ನೋಡಿ" ಅಂದ್ರು. ನಾನೂ ಆ ಮೇಡಮ್ಮೂ ಮೂರು ರಾತ್ರಿ ಲೆಡ್ಜರ್ ಮುಂದೆ ಕೂತು ಒಂದೊಂದೇ ಖಾತೆ ಸರಿ ಮಾಡಿದ್ವಿ. ಅವರು ನನ್ನ ಬೈಲಿಲ್ಲ. "ಅದು ಸತ್ತೋಯ್ತು ಅಂದ್ಕೊಂಡೆ ಕಣಪ್ಪ" ಅಂದ್ರು, ಅಷ್ಟೇ.

ನೋಡಿ, ಅವರದ್ದೇನು ತಪ್ಪು? ಕೆಲಸ ನಡೀತಿತ್ತು, ನಾನು ತೋರಿಸಿರ್ಲಿಲ್ಲ.

ಆಮೇಲೆ ಒಂದು ಬಾರ್ ಹಾಕ್ದೆ, ಅದರ ಕೆಳಗೆ '2300ರಲ್ಲಿ 640ನೇ ಖಾತೆ' ಅಂತ ಒಂದು ಸಾಲು. ಮುಂದಿನ ಮಾರ್ಚ್‌ಗೆ ನಾನೂ ಅಲ್ಲೇ ಇದ್ದೆ. ಮೇಡಂ ಒಂದೆರಡು ನಿಮಿಷ ನಂಬರ್ ಓಡೋದು ನೋಡಿದ್ರು, ಗೋಡೆ ಗಡಿಯಾರ ನೋಡಿದ್ರು, "ಇದಿನ್ನೂ ಹತ್ತು ನಿಮಿಷ ಐತೆ, ಕಾಫಿ ಕುಡ್ಕೊಂಡ್ ಬರ್ತೀನಿ" ಅಂತ ಎದ್ದು ಹೋದ್ರು. ಯಂತ್ರದ ವೇಗ ಒಂಚೂರೂ ಹೆಚ್ಚಾಗಿರ್ಲಿಲ್ಲ!

ಈಗ ಹೇಗೆ ಮಾಡೋದು ಅಂತ. ಬಾರ್ ತಂದು ಫಾರ್ಮ್ ಮೇಲೆ, ಅಂದ್ರೆ ಪ್ರೋಗ್ರಾಂ ವಿಂಡೋ ಮೇಲೆ, ಇಟ್ಟುಬಿಟ್ರೆ ಅದು ಓಡಲ್ಲ, ಹೊಸಬರೆಲ್ಲ ಎಡವೋದು ಇಲ್ಲೇ. ಗಲ್ಲಾ ಮೇಲೆ ಕೂತಿರೋರೇ ಮೂಟೆ ತರೋಕೆ ಗೋಡೌನ್‌ಗೆ ಹೋದ್ರೆ ಗಿರಾಕಿನ ಮಾತಾಡ್ಸೋರ್ ಯಾರು? ಥ್ರೆಡ್ ಅಂದ್ರೆ ಪ್ರೋಗ್ರಾಂ ಒಳಗೆ ಕೆಲಸ ಮಾಡೋ ಒಬ್ಬ ಆಳು ಅಂದ್ಕೊಳ್ಳಿ, ಸ್ಕ್ರೀನ್ ಬಿಡಿಸೋ ಥ್ರೆಡ್ ಗಲ್ಲಾ ಮೇಲೇ ಇರ್ಲಿ, ಮೂಟೆ ಹೊರೋಕೆ ಇನ್ನೊಂದು ಥ್ರೆಡ್ ಇಡಿ. ಸಿ ಶಾರ್ಪ್ ಬಳಸೋ ಡಾಟ್‌ನೆಟ್‌ನಲ್ಲಿ ಬ್ಯಾಕ್‌ಗ್ರೌಂಡ್‌ವರ್ಕರ್ ಅಂತ ಒಂದು ಸಿದ್ಧ ಸಲಕರಣೆ ಇದೆ, ಜಾವಾದಲ್ಲಿ ಸ್ವಿಂಗ್‌ವರ್ಕರ್, ಎರಡೂ ಇದಕ್ಕೇ ಹುಟ್ಟಿರೋದು. ಬ್ಯಾಕ್‌ಗ್ರೌಂಡ್‌ವರ್ಕರ್‌ನಲ್ಲಿ ವರ್ಕರ್‌ರಿಪೋರ್ಟ್ಸ್‌ಪ್ರೋಗ್ರೆಸ್ ಅನ್ನೋ ಸೆಟ್ಟಿಂಗನ್ನ ಟ್ರೂ ಮಾಡೋದು ಮರೀಬೇಡಿ, ಮರೆತ್ರೆ ಮೊದಲನೇ ರಿಪೋರ್ಟ್‌ಗೇ ಎರರ್ ಬರುತ್ತೆ. ಇನ್ನು ಪ್ರತಿ ಖಾತೆಗೂ ಬಾರ್ ಅಲ್ಲಾಡಿಸ್ತಾ ಕೂರ್ಬೇಡಿ, ಐವತ್ತಕ್ಕೊಂದ್ಸಲ ಸಾಕು, ಇಲ್ಲಾಂದ್ರೆ ಬಾರ್ ಬಿಡಿಸೋದೇ ಒಂದು ಕೆಲಸ ಆಗೋಗುತ್ತೆ. ಮೊದಲು ಮರಳು ಗಡಿಯಾರ ಇದ್ದ, ಈಗ ಬಳೆ ತರ ತಿರುಗೋ ಕರ್ಸರ್ ತೋರಿಸ್ತೀವಲ್ಲ ಸಾರ್ ಅಂತ ಕೇಳ್ತಾರೆ. ಸಾಲಲ್ಲ. ಒಂದೆರಡು ಸೆಕೆಂಡಿನ ಕೆಲಸಕ್ಕೆ ಅದು ಸರಿ, ಹತ್ತು ಸೆಕೆಂಡ್ ದಾಟಿದ್ರೆ ಜನರ ಮನಸ್ಸು ಬೇರೆ ಕಡೆ ಹೋಗುತ್ತೆ, ಅಲ್ಲಿಗೆ ಬಾರೇ ಬೇಕು.

ಟೈಮ್ ಆಗ್ತಾ ಬಂತು ಅಂತ ಸನ್ನೆ ಮಾಡ್ತಿದಾರೆ, ಬೇಗ ಬೇಗ ಹೇಳ್ತೀನಿ. ಒಟ್ಟು ಎಷ್ಟು ಕೆಲಸ ಅಂತ ಗೊತ್ತಿಲ್ದಿದ್ರೆ ಸುಳ್ಳು ಪರ್ಸೆಂಟ್ ತೋರಿಸ್ಬೇಡಿ, ಆ ಕಡೆಯಿಂದ ಈ ಕಡೆ ಓಡ್ತಾನೇ ಇರೋ ಮಾರ್ಕ್ವೀ ಹಾಕಿ. ಫೈಲ್ ಕಾಪಿ ಮಾಡೋದಾದ್ರೆ ಎಷ್ಟು ಫೈಲ್ ಅಂತ ಎಣಿಸ್ಬೇಡಿ, ಎಷ್ಟು ಬೈಟ್ ಅಂತ ಎಣಿಸಿ, 99 ಚಿಕ್ಕ ಫೈಲ್ ಸರ್ರಂತ ಹೋಗಿ ನೂರನೇದು ಸಿನಿಮಾ ಫೈಲಾದ್ರೆ ಬಾರ್ 99ರಲ್ಲಿ ನಿಂತ್ಕೊಂಡುಬಿಡುತ್ತೆ, ಆಗ ಮತ್ತೆ ಅದೇ ಅನುಮಾನ, ಸತ್ತೋಯ್ತಾ ಅಂತ. ಕೊನೇದು, ಪಕ್ಕದಲ್ಲಿ ಒಂದು 'ನಿಲ್ಲಿಸಿ' ಬಟನ್ ಇಡಿ. ಲೂಪ್ ಒಳಗೆ ಪ್ರತಿ ಸುತ್ತಿಗೂ ಕ್ಯಾನ್ಸಲೇಷನ್‌ಪೆಂಡಿಂಗ್, ಅಂದ್ರೆ ಯಾರಾದ್ರೂ ನಿಲ್ಲಿಸಿ ಅಂದಿದಾರಾ ಅಂತ, ನೋಡ್ಬೇಕು, ನೋಡ್ದೆ ಇದ್ರೆ ಬಟನ್ ಒತ್ತಿದ್ರೂ ಏನೂ ನಿಲ್ಲಲ್ಲ, ನಿಂತ ಮೇಲೆ ಅರ್ಧ ಹಾಕಿದ ಬಡ್ಡಿ ಪೂರ್ತಿ ವಾಪಸ್ ಹೋಗ್ಬೇಕು. ಆ ಬಟನ್ ಅವತ್ತು ಇದ್ದಿದ್ರೆ ಮೇಡಂ ಕೈ ಸ್ವಿಚ್‌ಬೋರ್ಡ್ ತನಕ ಹೋಗ್ತಾನೇ ಇರ್ಲಿಲ್ಲ. ನಮಸ್ಕಾರ.