ತುಪ್ಪವಿಲ್ಲದ ಹಲ್ವ: ಬೆನೆ ಇಸ್ರೇಲ್ ಮನೆಗಳ ಹೊಸವರ್ಷದ ಸಿಹಿ

ಕೇಳುಗರಿಗೆ ನಮಸ್ಕಾರ.

ಯಹೂದಿಗಳ ಹೊಸವರ್ಷ ರೋಶ್ ಹಶಾನಾ ಸೆಪ್ಟೆಂಬರಿನಲ್ಲೋ ಅಕ್ಟೋಬರಿನಲ್ಲೋ ಬರುತ್ತದೆ. ವರ್ಷವೆಲ್ಲ ಸಿಹಿಯಾಗಿರಲಿ ಎಂದು ಅಂದು ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳ ಮನೆಗಳಲ್ಲಿ ಅದರ ಜೊತೆಗೆ ಗೋಧಿ ಹಾಲಿನ ಹಲ್ವ ಆಗಲೇಬೇಕು. ಮರಾಠಿ ಮನೆಮಾತಿನ ಅವರಿಗೆ ಇದು ಚಿಕ್ ಚಾ ಹಲ್ವ. ಗೋಧಿ ಹಾಲುಬಾಯಿ ಮಾಡಿದ ಕೈಗೆ ಇದೇನೂ ಕಷ್ಟವಲ್ಲ. ಒಂದೇ ಮಾತು ನೆನಪಿಡಿ: ತುಪ್ಪ ಹಾಕಬೇಡಿ. ಒಂದು ಚಮಚವೂ ಬೇಡ.

ಯಾಕೆ ಎಂದರೆ ಅವರ ಕತೆಯನ್ನೇ ಹೇಳಬೇಕು. ಅಲಿಬಾಗ್ ಹತ್ತಿರದ ನವಗಾಂವ್ ಕಡಲಲ್ಲಿ ಪೂರ್ವಿಕರ ಹಡಗು ಒಡೆಯಿತು, ಏಳು ಗಂಡಸರು ಏಳು ಹೆಂಗಸರು ದಡ ಸೇರಿದರು ಎಂಬುದು ಅವರ ಮನೆಮನೆಯ ನಂಬಿಕೆ. ಧರ್ಮಗ್ರಂಥಗಳೆಲ್ಲ ನೀರುಪಾಲಾದವು. ಹಳ್ಳಿಗಳಲ್ಲಿ ಎಣ್ಣೆಗಾಣ ಹಾಕಿ ಬದುಕಿದರು. ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಎಂದೇ ಕರೆದರು. ಶತಮಾನಗಳ ಮೇಲೆ ದಾವಿದ್ ರಹಾಬಿ ಎಂಬ ಯಹೂದಿ ಅಲ್ಲಿಗೆ ಬಂದನಂತೆ. ಇವರು ತನ್ನವರೇ ಹೌದೋ ಅಲ್ಲವೋ ನೋಡೋಣವೆಂದು ಹೆಂಗಸರಿಗೆ ಬಗೆಬಗೆಯ ಮೀನು ಕೊಟ್ಟು ಅಡುಗೆ ಮಾಡಿ ಅಂದನಂತೆ. ಅವರು ಈಜುರೆಕ್ಕೆಯೂ ಹುರುಪೆಯೂ ಇರುವ ಮೀನನ್ನಷ್ಟೇ ಆರಿಸಿಕೊಂಡು ಮಿಕ್ಕದ್ದನ್ನು ಪಕ್ಕಕ್ಕಿಟ್ಟರು. ಯಹೂದಿಗಳ ಧರ್ಮಗ್ರಂಥ ತೋರಾದ ಕಟ್ಟಳೆಯೂ ಅದೇ! ಗ್ರಂಥ ಹೋಗಿತ್ತು, ಹೀಬ್ರೂ ಮರೆತಿತ್ತು, ಅಡುಗೆಮನೆಯ ನೇಮ ಮಾತ್ರ ಹಾಗೇ ಉಳಿದಿತ್ತು.

ಅದೇ ನೇಮದ ಇನ್ನೊಂದು ಭಾಗ, ಮಾಂಸದ ಊಟದ ಜೊತೆ ಹಾಲು, ಬೆಣ್ಣೆ, ತುಪ್ಪ ಕೂಡದು. ಹಬ್ಬದ ಊಟದಲ್ಲಿ ಮಾಂಸವಿರುತ್ತದೆ. ಆದ್ದರಿಂದ ಹಲ್ವಕ್ಕೆ ತೆಂಗಿನ ಹಾಲು. ಘಮ ಬರಲೆಂದು ಕೊನೆಗೆ ತುಪ್ಪ ಸುರಿದರೆ ಆ ಊಟಕ್ಕೆ ಅದು ಸಲ್ಲುವುದಿಲ್ಲ.

ಈಗ ಬರೆದುಕೊಳ್ಳಿ. ಗೋಧಿ ಕಾಲು ಕಿಲೋ, ಸಕ್ಕರೆ 400 ಗ್ರಾಂ, ಬಲಿತ ತೆಂಗಿನಕಾಯಿ ಎರಡು, ಚಿಟಿಕೆ ಉಪ್ಪು, ಏಲಕ್ಕಿ, ಜಾಯಿಕಾಯಿ, ಬಾದಾಮಿ, ಪಿಸ್ತಾ. ಗೋಧಿಯನ್ನು ಎರಡು ದಿನ ನೆನೆಸಿ, ಬೆಳಗ್ಗೆ ಸಂಜೆ ನೀರು ಬದಲಿಸಿ. ಬದಲಿಸದಿದ್ದರೆ ಹುಳಿ ವಾಸನೆ ಬಂದೇ ಬರುತ್ತದೆ. ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಚರಟಕ್ಕೆ ನೀರು ಹಾಕಿ ಇನ್ನೆರಡು ಸಲ ರುಬ್ಬಿ ಹಿಂಡಿ. ಆ ಹಾಲನ್ನು ರಾತ್ರಿಯಿಡೀ ತಂಪಾದ ಕಡೆ ಅಲುಗಾಡಿಸದೆ ಇಡಿ. ಬೆಳಗ್ಗೆ ಮೇಲೆ ಹಳದಿ ತಿಳಿನೀರು, ತಳದಲ್ಲಿ ಸುಣ್ಣದಂಥ ಬಿಳಿ ಗಷ್ಟ. ತಿಳಿಯನ್ನು ಪೂರ್ತಿ ಬಗ್ಗಿಸಿ ಚೆಲ್ಲಿ. ಆತುರಪಟ್ಟು ಅದನ್ನು ಉಳಿಸಿಕೊಂಡರೆ ಹಲ್ವ ಬೇಗ ಗಟ್ಟಿಯಾಗುವುದಿಲ್ಲ, ರುಚಿಯೂ ಕೆಡುತ್ತದೆ.

ಕಾಯಿ ರುಬ್ಬಿ ಮೊದಲನೆಯ, ಎರಡನೆಯ ಹಾಲು ಸೇರಿ ಒಂದು ಲೀಟರ್ ತೆಗೆಯಿರಿ. ದಪ್ಪ ತಳದ ಬಾಣಲೆಯಲ್ಲಿ ಗೋಧಿ ಗಷ್ಟ, ತೆಂಗಿನ ಹಾಲು, ಸಕ್ಕರೆ, ಉಪ್ಪು ಎಲ್ಲವನ್ನೂ ತಣ್ಣಗಿರುವಾಗಲೇ ಕದಡಿ, ಆಮೇಲೆ ಒಲೆ ಹಚ್ಚಿ. ಬಿಸಿ ಹಾಲಿಗೆ ಗಷ್ಟ ಸುರಿದರೆ ಗಂಟು ಗಂಟೇ. ಹಿಟ್ಟು ತಳಕ್ಕಿಳಿಯುತ್ತದೆ, ಹಾಗಾಗಿ ಕೈ ನಿಲ್ಲಿಸಬೇಡಿ, ಮರದ ಸೌಟು ತಳ ಮುಟ್ಟಲಿ. ಗಟ್ಟಿಯಾದ ಮೇಲೆ ಉರಿ ಸಣ್ಣದು ಮಾಡಿ. ಒಂದು ಗಂಟೆಯಾದರೂ ಬೇಕು. ಮುದ್ದೆ ಬಾಣಲೆಯ ಅಂಚು ಬಿಟ್ಟು, ಅಂಚಿನಲ್ಲಿ ತೆಂಗಿನ ಎಣ್ಣೆ ಮಿನುಗಬೇಕು. ತಟ್ಟೆಗೆ ಚೂರು ಹಾಕಿ ಆರಿಸಿ ಮುಟ್ಟಿದರೆ ಬೆರಳಿಗೆ ಅಂಟಬಾರದು. ಅಂಟಿದರೆ ಇನ್ನೂ ಮಗುಚಿ. ಏಲಕ್ಕಿ, ಜಾಯಿಕಾಯಿ ಕೊನೆಗೆ. ಬೇಕಾದವರು ಚಿಟಿಕೆ ಕೆಂಪು ಬಣ್ಣ ಹಾಕುತ್ತಾರೆ.

ತಟ್ಟೆಗೆ ಸವರಲು ತುಪ್ಪದ ಡಬ್ಬಿಗೆ ಕೈ ಹೋಗುತ್ತದೆ, ನನಗೆ ಗೊತ್ತು. ಬೇಡ. ತೆಂಗಿನ ಎಣ್ಣೆ ಸವರಿ. ಬಾದಾಮಿ ಪಿಸ್ತಾ ಉದುರಿಸಿ, ನಾಲ್ಕೈದು ಗಂಟೆ ಆರಿದ ಮೇಲೆಯೇ ಕತ್ತರಿಸಿ.

ಈಗೀಗ ಗೋಧಿ ನೆನೆಸದೆ ಕಾರ್ನ್‌ಫ್ಲೋರ್ ಇಲ್ಲವೇ ಚೈನಾ ಗ್ರಾಸ್ ಹಾಕುವವರೂ ಇದ್ದಾರೆ. ಚೈನಾ ಗ್ರಾಸ್ ಕಡಲ ಪಾಚಿಯದು, ಅಡ್ಡಿಯಿಲ್ಲ. ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಬೇಡ.

ಸಮಯ ಮುಗಿಯುತ್ತಿದೆ. ವಸಂತದ ಪೆಸಾಕ್ ಹಬ್ಬಕ್ಕೆ ಈ ಹಲ್ವ ಮಾಡಬೇಡಿ, ಆ ದಿನಗಳಲ್ಲಿ ಹುಳಿಯಿಲ್ಲದ ಮಾತ್ಸಾ ರೊಟ್ಟಿಯ ಹೊರತು ಗೋಧಿಯ ತಿನಿಸು ಸಲ್ಲದು. ಆಗ ಖರ್ಜೂರವನ್ನು ರಾತ್ರಿ ನೆನೆಸಿ, ಬೇಯಿಸಿ, ಬಟ್ಟೆಯಲ್ಲಿ ಹಿಂಡಿ, ಆ ರಸವನ್ನು ಜೇನಿನ ಹದಕ್ಕೆ ಕುದಿಸಿ ಮಾತ್ಸಾಗೆ ಸವರಿಕೊಳ್ಳುತ್ತಾರೆ. ನಮಸ್ಕಾರ.