ಟೋಪಿಯ ಕಾವಲು

ಕೇಳುಗರೇ, ನಮಸ್ಕಾರ.

ನನಗಾಗ ಒಂಬತ್ತು ವರ್ಷ. ತಲೆ ಬಾಚುತ್ತಿದ್ದ ಅಮ್ಮನ ಕೈ ತಟ್ಟನೆ ನಿಂತಿತು. ಕಿವಿಯ ಹಿಂದೆ ನಾಣ್ಯದಗಲ ಜಾಗದಲ್ಲಿ ಒಂದು ಕೂದಲೂ ಇರಲಿಲ್ಲ. ನೋವಿಲ್ಲ, ಗಾಯವಿಲ್ಲ. ಮುಟ್ಟಿದರೆ ಕೆನ್ನೆಯಷ್ಟು ನುಣುಪು. ಕೆಲವೇ ತಿಂಗಳಲ್ಲಿ ತಲೆಯೆಲ್ಲ ಖಾಲಿ. ಆಮೇಲೆ ಹುಬ್ಬು, ರೆಪ್ಪೆ.

"ಹುಳ ತಿಂದಿದೆ" ಅಂದರು ನೋಡಿದವರು. ಹುಳ ಯಾವುದೂ ಇಲ್ಲ. ಇದರ ಹೆಸರು ಅಲೋಪೀಶಿಯ ಏರಿಯೇಟಾ. ರೋಗದ ಜೊತೆ ಹೋರಾಡಬೇಕಾದ ಬಿಳಿ ರಕ್ತಕಣಗಳೇ ದಾರಿ ತಪ್ಪಿ ಕೂದಲ ಬುಡದ ಮೇಲೆ ಬೀಳುತ್ತವೆ. ನೂರರಲ್ಲಿ ಸುಮಾರು 2 ಜನರಿಗೆ ಬದುಕಿನಲ್ಲಿ ಯಾವಾಗಲಾದರೂ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬುಡ ಸಾಯದ ಕಾರಣ ಕೂದಲು ಮತ್ತೆ ಬರಬಹುದು, ಬಂದದ್ದು ಮತ್ತೆ ಉದುರಲೂಬಹುದು. 2023ರಲ್ಲಿ ಅಮೆರಿಕದಲ್ಲಿ 12 ವರ್ಷ ತುಂಬಿದವರಿಗೆ ರಿಟ್ಲೆಸಿಟಿನಿಬ್ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿತು. ನಾನು ಚಿಕ್ಕವನಿದ್ದಾಗ ಅಂಥದ್ದೇನೂ ಇರಲಿಲ್ಲ.

"ಕೂದಲು ತಾನೇ, ಬಿಡಿ" ಅನ್ನುತ್ತಾರಲ್ವಾ? ರೆಪ್ಪೆಯಿಲ್ಲದ ಕಣ್ಣಿಗೆ ಧೂಳು ಸೀದಾ ಹೋಗುತ್ತದೆ. ಹುಬ್ಬಿಲ್ಲದಿದ್ದರೆ ಬೆವರಿಳಿದು ಕಣ್ಣು ಉರಿಯುತ್ತದೆ. ಮೂಗಿನೊಳಗಿನ ಕೂದಲೂ ಹೋದರೆ ಮೂಗು ಸೋರುತ್ತಲೇ ಇರುತ್ತದೆ. ಕೆಲವರ ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿ ಬೀಳುತ್ತವೆ.

ಇದೆಲ್ಲಕ್ಕಿಂತ ನನ್ನನ್ನು ಜಾಸ್ತಿ ದಣಿಸಿದ್ದು ಟೋಪಿ ಕಾಯುವ ಕೆಲಸ. ಹಿಂದೆ ಯಾರೂ ಇರಬಾರದು ಅಂತ ಕೊನೆಯ ಬೆಂಚಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದೆ. ಓಡುವಾಗ ಒಂದು ಕೈ ಯಾವಾಗಲೂ ತಲೆ ಮೇಲೆ. ಒಂದು ದಿನ ನೀರು ಕುಡಿಯಲು ನಲ್ಲಿಗೆ ಬಗ್ಗಿದ್ದೆ. ಯಾರೋ ಟೋಪಿ ಕಿತ್ತರು. "ಬೋಡಾ, ಬೋಡಾ" ಅಂತ ಕೂಗುತ್ತಾ ಕೈಯಿಂದ ಕೈಗೆ ಎಸೆದರು. ನಾನು ಹಿಂದೆ ಓಡಲಿಲ್ಲ. ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ನಿಂತೆ. ನಲ್ಲಿ ಸುರಿಯುತ್ತಲೇ ಇತ್ತು. ಕೂಗಿದವರ ಮುಖ ಮರೆತಿದ್ದೇನೆ. ಸುಮ್ನೆ ನಿಂತು ನೋಡಿದ ನನ್ನ ಗೆಳೆಯನ ಮುಖ ಮರೆತಿಲ್ಲ.

"ನಾಳೆಯಿಂದ ಬಿಗಿಯಾದ ಟೋಪಿ ಹಾಕ್ಕೊಂಡು ಬಾ" ಅಂದರು ಟೀಚರ್. ಆ ಮಾತನ್ನು ನಾನು ಇವತ್ತಿಗೂ ಒಪ್ಪಲಾರೆ.

ಮನೆಯಲ್ಲಿ ಹೇಳಲಿಲ್ಲ. ಟೋಪಿ ಯಾಕೆ ಒದ್ದೆ ಅಂದಾಗ, ಬಿತ್ತು ಅಂದೆ. ಆಮೇಲೆ ಸೋಮವಾರ ಬಂತೆಂದರೆ ಹೊಟ್ಟೆನೋವು. ಸುಳ್ಳಲ್ಲ, ನಿಜವಾಗಿಯೂ ನೋಯುತ್ತಿತ್ತು. ಮೂರನೇ ಸೋಮವಾರ ಅಮ್ಮ ಔಷಧಿ ತರಲಿಲ್ಲ. ಹಾಸಿಗೆ ಮೇಲೆ ಪಕ್ಕದಲ್ಲೇ ಕೂತಳು.

"ಟೋಪಿ ಕಿತ್ತದ್ದು ಯಾರು, ಪುಟ್ಟಾ?"

ಅಲ್ಲಿಯವರೆಗೆ ಎಲ್ಲರೂ ಕೂದಲ ಬಗ್ಗೆಯೇ ಕೇಳಿದ್ದರು.