ನಾಲ್ಕನೇ ಫ್ಲೋರಿನಲ್ಲಿ ಒಂದು 'ರ್' ಹುಡುಕುತ್ತಾ

ಈಗ ನೀವು ನೋಡುತ್ತಿರುವುದು ನ್ಯೂಯಾರ್ಕಿನ 34ನೇ ಬೀದಿ. ಕ್ಯಾಮೆರಾ ಅಲ್ಲಾಡುತ್ತಿದೆ, ಬೇಜಾರು ಮಾಡ್ಕೋಬೇಡಿ. ಚಳಿಗೆ ಕೈ ನಡುಗುತ್ತಿತ್ತು. ಎದುರಿಗೆ ಕಾಣುವ ದೊಡ್ಡ ಕಟ್ಟಡ ಮೇಸೀಸ್. ಬಟ್ಟೆಯಿಂದ ಬಾಣಲೆವರೆಗೆ ಎಲ್ಲ ಮಾರುವ ಅಂಗಡಿ. ನನಗೆ ಏನೂ ತಗೊಳ್ಳಬೇಕಿರಲಿಲ್ಲ. ನಾಲ್ಕನೇ ಮಹಡಿಗೆ ಹೋಗಿ, ಅಲ್ಲಿ ಕೆಲಸ ಮಾಡುವವರನ್ನು "ಇದು ಎಷ್ಟನೇ ಮಹಡಿ?" ಅಂತ ಕೇಳಬೇಕಿತ್ತು. ಅಷ್ಟೇ. ಅದಕ್ಕೋಸ್ಕರ ನ್ಯೂಜೆರ್ಸಿಯಿಂದ ಟ್ರೈನ್ ಹತ್ತಿ ಬಂದಿದ್ದೆ. ತಲೆ ಸರಿ ಇದೆಯಾ ಅಂತ ನಮ್ಮ ಯಜಮಾನರು ಬೆಳಗ್ಗೆಯೇ ಕೇಳಿದ್ದರು.

ಇದರ ಕಥೆ ಬೆಂಗಳೂರಿನಲ್ಲಿ ಶುರುವಾಗುತ್ತದೆ. 2006ರಲ್ಲಿ ನಾನು ಒಂದು ಕಾಲ್ ಸೆಂಟರ್ ಸೇರಿದೆ. ಹಾಸನದ ಹುಡುಗಿ, ರಾತ್ರಿ ಶಿಫ್ಟು, ಮನೆ ಬಾಗಿಲಿಗೆ ಕ್ಯಾಬು. ಯು.ಎಸ್. ಪ್ರೋಸೆಸ್, ಅಂದರೆ ಅಮೆರಿಕದ ಕಸ್ಟಮರ್‌ಗಳ ಜೊತೆ ಫೋನಿನಲ್ಲಿ ಮಾತಾಡುವ ಕೆಲಸ. ಮೊದಲ ಮೂರು ವಾರ ಬರೀ ಆಕ್ಸೆಂಟ್ ಟ್ರೈನಿಂಗ್. ಟ್ರೈನರ್ ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತು ಎಂಟಿಐ. ಮದರ್ ಟಂಗ್ ಇನ್‌ಫ್ಲುಯೆನ್ಸ್. ಅಂದರೆ ನಿನ್ನ ಇಂಗ್ಲಿಷಿನಲ್ಲಿ ಕನ್ನಡ ಇಣುಕುತ್ತಿದೆ ಅಂತ. "ನಿನಗೆ ಎಂಟಿಐ ಜಾಸ್ತಿ ಇದೆ" ಅಂದಾಗ ಯಾವುದೋ ಕಾಯಿಲೆ ಬಂದಿದೆ ಅನ್ನಿಸುತ್ತಿತ್ತು.

ಮೊದಲ ಪಾಠವೇ 'ರ್'. ನಮ್ಮ ರ್ ಹೇಳುವಾಗ ನಾಲಿಗೆಯ ತುದಿ ಮೇಲೆ ಬಡಿಯುತ್ತದೆ. ಅಮೆರಿಕದ್ದು ಹಾಗಲ್ಲ. ನಾಲಿಗೆ ಹಿಂದಕ್ಕೆ ಸರಿಯಬೇಕು, ಆದರೆ ಎಲ್ಲೂ ತಾಗಬಾರದು. ಕಾರ್, ಡೋರ್, ಫಾರ್ಮರ್. ಹಾಸ್ಟೆಲಿನ ಬಾತ್‌ರೂಮಿನಲ್ಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ. ಅಂತೂ ಇಂತೂ ಬಂತು.

ನಾಲ್ಕು ತಿಂಗಳಿಗೆ ನಮ್ಮನ್ನು ಯು.ಕೆ. ಪ್ರೋಸೆಸ್‌ಗೆ ಹಾಕಿದರು. ಹೊಸ ಟ್ರೈನರ್ ಮೊದಲ ದಿನವೇ ಹೇಳಿದ್ದು, "ರ್ ಮರೆತುಬಿಡಿ." ಕಾರ್ ಅಲ್ಲ, ಕಾ. ಡೋರ್ ಅಲ್ಲ, ಡೋ. ಇಪ್ಪತ್ತು ಜನ ಒಟ್ಟಿಗೆ ಕಾ, ಕಾ ಅಂದಾಗ ತಿಥಿ ಊಟಕ್ಕೆ ಕಾಗೆ ಕರೆದ ಹಾಗಿತ್ತು. ನನಗೆ ಸಿಟ್ಟು. ಅಷ್ಟು ಕಷ್ಟಪಟ್ಟು ತಂದ ರ್ ವಾಪಸ್ ಕೊಡಬೇಕಾ? ಯಾವುದು ಸರಿ ಅಂತ ಕೇಳಿದೆ. "ಕಸ್ಟಮರ್ ಹೇಗೆ ಹೇಳ್ತಾನೋ ಹಾಗೆ" ಅಂದರು. ಆ ಉತ್ತರ ನನಗೆ ಸಾಲಲಿಲ್ಲ.

ಶೆಡ್ಯೂಲ್ ಸ್ಕೆಜೂಲ್, ವಿಟಮಿನ್ ವೈಟಮಿನ್, ಝೆಡ್ ಝೀ, ಈ ಪಟ್ಟಿ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತದೆ. ಬಾಯಿಪಾಠ ಮಾಡಿದರೆ ಮುಗಿಯಿತು. ಅಮೆರಿಕದವರ 'ವಾಟರ್' ನಮ್ಮ ಕಿವಿಗೆ 'ವಾಡರ್' ಆಗುವುದೂ ಎಲ್ಲರಿಗೂ ಗೊತ್ತು. ನನ್ನ ತಲೆಯಲ್ಲಿ ಉಳಿದದ್ದು ರ್ ಮಾತ್ರ.

ಬ್ರಿಟಿಷರದ್ದು ಹಳೆಯ ಅಸಲಿ ಇಂಗ್ಲಿಷ್, ಅಮೆರಿಕದವರು ಕೆಡಿಸಿದರು ಅಂತ ನಾನೂ ನಂಬಿದ್ದೆ. ರ್ ವಿಷಯದಲ್ಲಿ ಕಥೆ ಉಲ್ಟಾ. 1607ರಲ್ಲಿ ಇಂಗ್ಲಿಷರು ವರ್ಜೀನಿಯಾದ ಜೇಮ್ಸ್‌ಟೌನಿಗೆ ಬಂದು ನೆಲೆಸಿದಾಗ ಅವರ ಬಾಯಲ್ಲಿ ರ್ ಇತ್ತು. ಲಂಡನ್ನಿನಲ್ಲಿ ಅದು ಸವೆದದ್ದು ಆಮೇಲೆ. ಜಾನ್ ವಾಕರ್ ಅಂತ ಒಬ್ಬರು, ಮೊದಲು ನಾಟಕದಲ್ಲಿ ಪಾತ್ರ ಮಾಡುತ್ತಿದ್ದವರು, 1791ರಲ್ಲಿ ಉಚ್ಚಾರಣೆಯ ನಿಘಂಟು ತಂದರು. 'ಬಾರ್ಡ್' ಅನ್ನುವುದು ಲಂಡನ್ನಿನವರ ಬಾಯಲ್ಲಿ ಹೆಚ್ಚುಕಡಿಮೆ 'ಬಾಡ್' ಆಗಿದೆ ಅಂತ ಅದರಲ್ಲಿ ಬರೆದರು. ಆಮೇಲೆ ಅದೇ ದೊಡ್ಡವರ ಮಾತಾಯಿತು. 1922ರಲ್ಲಿ ಶುರುವಾದ ಬಿಬಿಸಿ ಅದನ್ನೇ ರೇಡಿಯೋದಲ್ಲಿ ಮನೆಮನೆಗೆ ಮುಟ್ಟಿಸಿತು. ಸ್ಕಾಟ್ಲೆಂಡಿನವರು, ಐರ್ಲೆಂಡಿನವರು ಇವತ್ತಿಗೂ ರ್ ಬಿಟ್ಟಿಲ್ಲ. ಇಂಗ್ಲೆಂಡಿನಲ್ಲೇ ಡೆವನ್, ಕಾರ್ನ್‌ವಾಲ್ ಕಡೆಯ ಹಳಬರ ಮಾತಿನಲ್ಲಿ ಅದು ಗಟ್ಟಿಯಾಗಿ ಕೇಳಿಸುತ್ತದೆ. 'ಬ್ರಿಟಿಷ್ ಆಕ್ಸೆಂಟ್' ಅನ್ನುವ ಒಂದೇ ವಸ್ತು ಇಲ್ಲ. ಧಾರವಾಡ, ಮಂಗಳೂರು, ಮೈಸೂರು ಮೂರೂ ಕಡೆಯ ಕನ್ನಡ ಕೇಳಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾ?

ಇನ್ನೊಂದು ತಮಾಷೆ. ಇರುವ ರ್ ನುಂಗುವ ಲಂಡನ್ನಿನವರು ಇಲ್ಲದ ರ್ ಸೇರಿಸುತ್ತಾರೆ! ಕ್ರಿಕೆಟ್ ಕಾಮೆಂಟ್ರಿ ಕಿವಿಗೊಟ್ಟು ಕೇಳಿ. "ಇಂಡಿಯಾ ಆರ್ ಬ್ಯಾಟಿಂಗ್" ಅನ್ನುವುದು "ಇಂಡಿಯರ್ ಆ ಬ್ಯಾಟಿಂಗ್" ಆಗಿರುತ್ತದೆ. ಎರಡು ಸ್ವರಗಳ ನಡುವೆ ಒಂದು ರ್ ತೂರಿಸುವುದು ಅವರ ಅಭ್ಯಾಸ. ನಮ್ಮಲ್ಲಿ ಯಕಾರ, ವಕಾರ ಬರುವ ಹಾಗೆ. ಸಂಧಿ ಪಾಠದಲ್ಲಿ ನಿದ್ದೆ ಮಾಡಿದವರು ಈಗ ನೆನಪಿಸಿಕೊಳ್ಳಿ.

ಸರಿ, ನ್ಯೂಯಾರ್ಕ್. ಇದು ಬಂದರಿನ ಊರು, ಲಂಡನ್ನಿನ ಜೊತೆ ವ್ಯಾಪಾರ. ಇಲ್ಲಿನವರೂ, ಬಾಸ್ಟನ್ನಿನವರೂ ಇಂಗ್ಲೆಂಡಿನ ಹಾಗೆ ರ್ ಬಿಟ್ಟರು. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ನ್ಯೂಯಾರ್ಕ್ ರಾಜ್ಯದ ಶ್ರೀಮಂತ ಮನೆಯವರು. ನಾವು ಹೆದರಬೇಕಾದ್ದು ಹೆದರಿಕೆಗೆ ಮಾತ್ರ ಅಂತ 1933ರಲ್ಲಿ ಹೇಳಿದ ಅವರ ಭಾಷಣದ ರೆಕಾರ್ಡಿಂಗ್ ಇದೆ. ರ್ ನುಂಗುವ ಆ ಮಾತು ಅದರಲ್ಲಿ ಕೇಳಿಸುತ್ತದೆ. ಎರಡನೇ ಮಹಾಯುದ್ಧದ ನಂತರ ಗಾಳಿ ತಿರುಗಿತು. ರ್ ನುಂಗುವುದು ಬಡವರ, ಓದದವರ ಲಕ್ಷಣ ಅಂತಾಯಿತು. ಅದೇ ಶಬ್ದ. ಲಂಡನ್ನಿನಲ್ಲಿ ಅದಕ್ಕೆ ಕುರ್ಚಿ ಹಾಕುತ್ತಾರೆ, ನ್ಯೂಯಾರ್ಕಿನಲ್ಲಿ ಹಿತ್ತಿಲ ಬಾಗಿಲು ತೋರಿಸುತ್ತಾರೆ.

ಇದನ್ನು ಅಳೆದು ತೋರಿಸಿದವರು ವಿಲಿಯಂ ಲಬೋವ್ ಅನ್ನುವ ಭಾಷಾವಿಜ್ಞಾನಿ. 1962ರ ನವೆಂಬರ್. ಆಗ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ಮೂರು ಅಂಗಡಿ ಆರಿಸಿಕೊಂಡರು. ಫಿಫ್ತ್ ಅವೆನ್ಯೂದ ಸ್ಯಾಕ್ಸ್, ದುಡ್ಡಿದ್ದವರದ್ದು. ಈ ಮೇಸೀಸ್, ನಡುವಿನವರದ್ದು. ಯೂನಿಯನ್ ಸ್ಕ್ವೇರಿನ ಎಸ್. ಕ್ಲೈನ್, ಅಗ್ಗದ್ದು. ಅದು ಈಗಿಲ್ಲ. ನಾಲ್ಕನೇ ಮಹಡಿಯಲ್ಲಿ ಏನಿದೆ ಅಂತ ಮೊದಲೇ ನೋಡಿಕೊಂಡು, ಅದು ಎಲ್ಲಿದೆ ಅಂತ ಕೇಳುವುದು. "ಫೋರ್ತ್ ಫ್ಲೋರ್" ಅಂತ ಉತ್ತರ ಬರಲೇಬೇಕು. ಎರಡು ಪದ, ಎರಡು ರ್. ಕೇಳಿಸಲಿಲ್ಲ ಅನ್ನುವ ಹಾಗೆ ಮುಂದೆ ಬಾಗಿ ಇನ್ನೊಮ್ಮೆ ಕೇಳುವುದು. ಆಮೇಲೆ ಮರೆಗೆ ಹೋಗಿ ಬರೆದುಕೊಳ್ಳುವುದು. ಒಟ್ಟು 264 ಜನ. ಎಲ್ಲೋ ಒಂದು ಕಡೆಯಾದರೂ ರ್ ಹೇಳಿದವರು ಸ್ಯಾಕ್ಸ್‌ನಲ್ಲಿ ನೂರಕ್ಕೆ 62, ಮೇಸೀಸ್‌ನಲ್ಲಿ 51, ಕ್ಲೈನ್‌ನಲ್ಲಿ 20. ಬೆಲೆ ಏರಿದ ಹಾಗೆ ರ್ ಏರಿದೆ! ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಎರಡನೇ ಸಲ ಕೇಳಿದಾಗ ಮೇಸೀಸ್‌ನವರ ರ್ ಎದ್ದು ಕಾಣುವಷ್ಟು ಜಾಸ್ತಿಯಾಯಿತು.

ಒಳಗೆ ನಾನು ಕ್ಯಾಮೆರಾ ತೆಗೆಯಲಿಲ್ಲ. ಪಾಪ, ಕೆಲಸ ಮಾಡುವವರು. ಅದಕ್ಕೇ ನಿಮಗೆ ಈ ಮರದ ಎಸ್ಕಲೇಟರ್ ಮಾತ್ರ ತೋರಿಸುತ್ತಿದ್ದೇನೆ. ಹಳೆಯ ಕಾಲದ್ದು, ಕಟಕಟ ಅನ್ನುತ್ತದೆ. ಚೆನ್ನಾಗಿದೆ ಅಲ್ವಾ?

ಮೂರು ಜನರನ್ನು ಕೇಳಿದೆ. ಒಬ್ಬಳು ಕಾಲೇಜು ವಯಸ್ಸಿನ ಹುಡುಗಿ. ಎರಡೂ ರ್ ನೀಟಾಗಿ ಹೇಳಿದಳು. ಇನ್ನೊಬ್ಬ ಮಾತೇ ಆಡದೆ ಗೋಡೆಯ ಮೇಲಿದ್ದ ಅಂಕಿ ತೋರಿಸಿದ. ವಿಜ್ಞಾನಕ್ಕೆ ಇಂಥವರಿಂದ ಉಪಯೋಗವಿಲ್ಲ. ಮೂರನೆಯವರು ನಮ್ಮಮ್ಮನ ವಯಸ್ಸಿನವರು. "ಫೋತ್ ಫ್ಲೋ" ಅಂದರು. ನನಗೆ ಕುಣಿಯುವಷ್ಟು ಖುಷಿ. ಲಬೋವ್ ಮಾಡಿದ ಹಾಗೆ ಮುಂದೆ ಬಾಗಿ "ಸಾರಿ?" ಅಂದೆ. ಅವರು ಸ್ವಲ್ಪ ನೆಟ್ಟಗಾದರು. "ಫೋತ್ ಫ್ಲೋರ್" ಅಂದರು. ಕೊನೆಯ ರ್ ಪೂರ್ತಿ ಬಂತು.

ಖುಷಿ ಅಲ್ಲೇ ಇಳಿದುಹೋಯಿತು. ಆ ನೆಟ್ಟಗಾಗುವುದು ನನಗೆ ಗೊತ್ತು. ಹೆಡ್‌ಸೆಟ್ಟಿನಲ್ಲಿ ಕಸ್ಟಮರ್ "ಸಾರಿ?" ಅಂದ ಕೂಡಲೇ ನಾನೂ ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದೆ. ಮನೆಗೆ ಯಾರೋ ಬಂದರು ಅಂತ ನೈಟಿಯ ಮೇಲೆ ಟವಲ್ ಹೊದ್ದುಕೊಂಡ ಹಾಗೆ, ಎರಡನೇ ಸಲದ ಮಾತಿಗೆ ಒಳ್ಳೆಯ ರ್ ಹೊದಿಸುತ್ತಿದ್ದೆ. ಆ ಅಮ್ಮನಿಗೆ ಸುಮ್ನೆ ಹಾಗೆ ಮಾಡಬಾರದಿತ್ತು ಅನ್ನಿಸಿತು. ಥ್ಯಾಂಕ್ಸ್ ಹೇಳಿ ಒಂದು ಜೊತೆ ಸಾಕ್ಸ್ ತಗೊಂಡೆ.

ವಾಪಸ್ ಟ್ರೈನಿನಲ್ಲಿ ಕೂತು ಒಂದು ಥಿಯರಿ ಕಟ್ಟಿದೆ. ಇಂಗ್ಲೆಂಡಿನವರು ರ್ ಮುಂದೆ ಸ್ವರ ಬಂದರೆ ಅದನ್ನು ನುಂಗುವುದಿಲ್ಲ. 'ಕಾ' ಅನ್ನುವವರೇ 'ಕಾರ್ ಈಸ್' ಅನ್ನುತ್ತಾರೆ. ನಾವು ಕನ್ನಡದವರು ಪ್ರತಿ ಪದಕ್ಕೂ ಒಂದು 'ಉ' ಹಚ್ಚಿಬಿಡುತ್ತೇವೆ. ಕಾರು, ಡೋರು, ಡಾಕ್ಟರು. ಕಾರಿಗೆ, ಫ್ಲೋರಲ್ಲಿ. ಸ್ವರ ಯಾವಾಗಲೂ ರೆಡಿ ಇರುತ್ತದೆ. ಇಂಗ್ಲಿಷರು ನಮ್ಮನ್ನು ಆಳಿದರೂ ನಮ್ಮ ರ್ ಉಳಿದದ್ದು ಇದಕ್ಕೇ! ಎಂಟಿಐ ಅಂದರೆ ಇದೇ ಅಲ್ವಾ? ಆ ಟ್ರೈನರ್‌ಗೆ ಫೋನ್ ಮಾಡಿ ಹೇಳಬೇಕು ಅನ್ನಿಸಿತು.

ಅಷ್ಟರಲ್ಲಿ ಅಮ್ಮನ ಫೋನ್ ಬಂತು, ಹಾಸನದಿಂದ.

"ಎಲ್ಲಿದೀಯೇ?"

"ಟ್ರೈನಲ್ಲಿ ಕಣಮ್ಮ. ನ್ಯೂಯಾರ್ಕಿಗೆ ಹೋಗಿದ್ದೆ."

"ಏನ್ ತಗೊಂಡೆ?"

"ಒಂದು ಜೊತೆ ಸಾಕ್ಸ್."

"ಸಾಕ್ಸಿಗೆ ಅಷ್ಟು ದೂರ ಹೋದ್ಯಾ? ಹೋಗ್ ಬರೋ ಚಾರ್ಜು?"

ಚಾರ್ಜು. ರ್ ಆದ ಮೇಲೆ ಸ್ವರ ಇಲ್ಲ, ಜಕಾರ ಇದೆ. ಆದರೂ ಅಮ್ಮನ ರ್ ಟಣ್ ಅಂತ ಬಂತು. ನನ್ನ ಥಿಯರಿ ನೆವಾರ್ಕ್ ಸ್ಟೇಷನ್ ತಲುಪುವ ಮೊದಲೇ ಬಿದ್ದುಹೋಯಿತು. ಸ್ಪೆಲಿಂಗ್ ನೋಡಿ, ಇರುವ ಅಕ್ಷರವನ್ನೆಲ್ಲ ಓದಿ ಕಲಿತದ್ದೇ ಕಾರಣ ಇರಬೇಕು. ಚಾರ್ಜು ಎಷ್ಟಾಯಿತು ಅಂತ ಅಮ್ಮನಿಗೆ ಹೇಳಲಿಲ್ಲ.